ಕಪಾಟಿನಲ್ಲಿ ಮಡಿಸಿಟ್ಟ ಸೀರೆ ಯಾರದ್ದು

ಕ್ರೈಸ್ತರ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಕಾರವಾರದ ಕೋಡಿಬಾಗದ ಮನೆಗೆ ಮರಳಿದ ಸಂಜೆ ನಾನು ಮೊದಲು ತೆರೆಯುವುದು ಬಟ್ಟೆಯ ಕಪಾಟನ್ನು. ಅಂದು ಬಲಿಪೂಜೆಯಲ್ಲಿ ಓದುವ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಪ್ರಭು ಯೇಸು ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಕಲಿಸುತ್ತಾರೆ. ಮೊದಲ ಮಾತು ದಾನದ್ದು. ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದ 40 ದಿನ ಬಾಯಿ ಕಟ್ಟುವುದು ನಮಗೆ ಚಿಕ್ಕಂದಿನ ರೂಢಿ, ಆದರೆ ಕೂಡಿಟ್ಟದ್ದರ ಮೇಲಿನ ಕೈ ಸಡಿಲಿಸುವುದು ಅಷ್ಟು ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ, ಒಳ್ಳೆಯ ಸಮಾರಂಭಕ್ಕೆಂದು ನುಸಿಗುಳಿಗೆ ಹಾಕಿ ಇಟ್ಟಿದ್ದ ರೇಷ್ಮೆ ಸೀರೆಯೊಂದನ್ನು ಬಿಡಿಸಿದಾಗ ಅದು ಮಡಿಕೆಯ ಗೆರೆಯುದ್ದಕ್ಕೂ ಕೈಯಲ್ಲೇ ಹರಿಯಿತು. ಜರಿ ಕಪ್ಪಾಗಿತ್ತು, ಮಳೆಗಾಲದ ಥಂಡಿ ಹಿಡಿದು ಸೆರಗಿನ ತುಂಬ ಬೂಷ್ಟಿನ ಚುಕ್ಕೆಗಳಿದ್ದವು. ನಾನೂ ಉಡಲಿಲ್ಲ, ಇನ್ನೊಬ್ಬಳಿಗೂ ಉಡಗೊಡಲಿಲ್ಲ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದು ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ ಜೋರ್ದಾನ್ ನದಿಯ ಬಳಿ ಸಾರಿದ್ದನ್ನು (ಲೂಕ 3:11) ಎಷ್ಟೋ ಸಲ ಕೇಳಿದ್ದೆ. ಅಂದು ಮಾತ್ರ ಅದು ಎದೆಗೆ ನಾಟಿತು. 4ನೇ ಶತಮಾನದಲ್ಲಿ ಇಂದಿನ ತುರ್ಕಿಯಲ್ಲಿರುವ ಕಪ್ಪಡೋಕಿಯದ ಸೆಜರೇಯದಲ್ಲಿ ಧರ್ಮಾಧ್ಯಕ್ಷರಾಗಿದ್ದ (ಬಿಷಪ್) ಸಂತ ಬೆಸಿಲ್ ಇನ್ನೂ ನಿಷ್ಠುರವಾಗಿ ಬೋಧಿಸಿದ್ದರು: ಪೆಟ್ಟಿಗೆಯಲ್ಲಿ ನೀನು ಕಾಪಾಡುತ್ತಿರುವ ಬಟ್ಟೆ ಬಟ್ಟೆಯಿಲ್ಲದವನಿಗೆ ಸೇರಿದ್ದು. ಹಾಗಾದರೆ ನಾವು ಮಾಡುವುದು ದಾನವೂ ಅಲ್ಲ, ತಡವಾಗಿ ಸಲ್ಲಿಸುವ ಸಾಲ.

ಸಾಲ ತೀರಿಸುವಾಗ ಹರಿದ ನೋಟು ಕೊಡುವುದುಂಟೆ? 2019ರ ಆಗಸ್ಟ್‌ನಲ್ಲಿ ಕಾಳಿ ನದಿಗೆ ನೆರೆ ಬಂದು ದಂಡೆಯ ಊರುಗಳಲ್ಲಿ ಮನೆಮನೆಗೆ ನೀರು ನುಗ್ಗಿದಾಗ ನಾನು ಕಟ್ಟಿದ ಗಂಟಿನಿಂದ ಅತ್ತೆ ಗುಂಡಿ ಹೋದ ಅಂಗಿಯೊಂದನ್ನು ಎಳೆದು, “ಇದನ್ನು ಹಾಕಿಕೊಂಡು ನಿನ್ನ ಗಂಡ ಇಗರ್ಜಿಗೆ ಹೋಗ್ತಾನಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಭಾನುವಾರದ ಪೂಜೆಗೆ ನಾವು ತೊಡಲು ನಾಚುವ ಬಟ್ಟೆಯನ್ನು ಇನ್ನೊಬ್ಬರಿಗೆ ಕೊಡಬಾರದೆಂಬ ಅವರ ಅಳತೆಯನ್ನೇ ಇಂದಿಗೂ ಪಾಲಿಸುತ್ತಿದ್ದೇನೆ. ಒಗೆದು, ಇಸ್ತ್ರಿ ಮಾಡಿ, ಗುಂಡಿ ನೋಡಿ, ನಮ್ಮ ಧರ್ಮಕೇಂದ್ರದಲ್ಲಿ ಬಡವರ ಮನೆಗಳಿಗೆ ಹೋಗಿ ಬರುವವರ ಕೈಗೆ ಒಪ್ಪಿಸುತ್ತೇನೆ. ಯಾರಿಗೆ ತಲುಪಿತೆಂದು ವಿಚಾರಿಸುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ಪ್ರಭುವಿನ ಮಾತಿನಲ್ಲಿ ಪಡೆಯುವವರ ಮಾನವೂ ಉಳಿಯುತ್ತದೆಂದು ನನಗೆ ಅನ್ನಿಸುತ್ತದೆ.

ಕಳೆದ ವರ್ಷ ಭಾನುವಾರದ ಸಂತೆಯಲ್ಲಿ, ಒಣಮೀನಿನ ರಾಶಿಯ ಮುಂದೆ, ನಾನು ಕೊಟ್ಟಿದ್ದ ಹಸಿರು ಇಳಕಲ್ ಸೀರೆಯುಟ್ಟ ಹೆಂಗಸೊಬ್ಬಳನ್ನು ಕಂಡೆ. ‘ನನ್ನ ಸೀರೆ’ ಎಂಬ ಮಾತು ಮನಸ್ಸಿನಲ್ಲಿ ತಟ್ಟನೆ ಎದ್ದದ್ದು ನಿಜ. ತಪ್ಪು ನನ್ನದೇ, ಆ ಸೀರೆ ನನ್ನ ಕಪಾಟಿನಲ್ಲಿದ್ದ ಆರು ವರ್ಷವೂ ಅವಳದ್ದೇ ಆಗಿತ್ತು. ಅವಳು ಮೀನು ತೂಗಿಸಿಕೊಂಡು, ಉಳಿದ ಚಿಲ್ಲರೆಯನ್ನು ಆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಳು.