ಒಂದು ಕಿಲೋ ಮಸಲ್ ಎಷ್ಟು ಕ್ಯಾಲೊರಿ ಸುಡುತ್ತದೆ? ನಾನು ತಪ್ಪು ಹೇಳಿಕೊಟ್ಟಿದ್ದೆ

ಜಿಮ್ ಟ್ರೇನರ್ ಆದ ಹೊಸದರಲ್ಲಿ ಬಂದವರಿಗೆಲ್ಲ ಒಂದು ಮಾತು ಹೇಳುತ್ತಿದ್ದೆ. "ಒಂದು ಕಿಲೋ ಮಸಲ್ ಬೆಳೆಸಿ ಸಾಕು, ಸುಮ್ನೆ ಕೂತಿದ್ದರೂ ದಿನಕ್ಕೆ 100 ಕ್ಯಾಲೊರಿ ಕರಗುತ್ತದೆ." ಸೀನಿಯರ್ ಒಬ್ಬರಿಂದ ಕೇಳಿದ್ದು. ಸರಿಯೋ ತಪ್ಪೋ ಎಂದು ನೋಡಿರಲಿಲ್ಲ.

ಒಬ್ಬರು ಅದನ್ನು ಪೂರ್ತಿ ನಂಬಿದರು. ಆರು ತಿಂಗಳು ತಪ್ಪದೆ ಬಂದು ವೇಟ್ಸ್ ಎತ್ತಿದರು. ಸುಮಾರು ಎರಡು ಕಿಲೋ ಮಸಲ್ ಬಂತು. ನನ್ನ ಲೆಕ್ಕ ಹಿಡಿದು ದಿನಕ್ಕೆ 200 ಕ್ಯಾಲೊರಿ ಜಾಸ್ತಿ ತಿನ್ನತೊಡಗಿದರು. ಸೊಂಟದ ಅಳತೆ ಏರಿತು. "ನಾನು ಎಲ್ಲಿ ತಪ್ಪಿದೆ?" ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. ತಪ್ಪಿದ್ದು ಅವರಲ್ಲ, ನಾನು.

ಆಮೇಲೆ ಕೂತು ಓದಿದೆ. ವಿಶ್ರಾಂತಿಯಲ್ಲಿ ಒಂದು ಕಿಲೋ ಸ್ನಾಯು ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ. ಒಂದು ಕಿಲೋ ಕೊಬ್ಬು ಸುಮಾರು 4.5. ಹೆಚ್ಚು ಕಡಿಮೆ ಮೂರು ಪಟ್ಟು ವ್ಯತ್ಯಾಸ, ನಿಜ. ಆದರೆ ಎರಡೂ ಚಿಕ್ಕ ಸಂಖ್ಯೆಗಳೇ ಅಲ್ವಾ? ಅವರ ಎರಡು ಕಿಲೋಗೆ ಸಿಕ್ಕಿದ್ದು ಬರೀ 26 ಕ್ಯಾಲೊರಿ.

ಕೊಬ್ಬಿನ ಕೋಶದ ತುಂಬಾ ಎಣ್ಣೆಯ ಹನಿ. ಅದು ಉಗ್ರಾಣ, ಅಲ್ಲಿ ಕೆಲಸ ಕಡಿಮೆ. ಸ್ನಾಯು ಹಾಗಲ್ಲ. ನಾವು ಮಲಗಿದ್ದರೂ ಹಳೆಯ ಪ್ರೋಟೀನ್ ಒಡೆದು ಹೊಸದು ಕಟ್ಟುತ್ತಲೇ ಇರುತ್ತದೆ. ನನಗೆ ನಿಜಕ್ಕೂ ಅಚ್ಚರಿ ತಂದದ್ದು ಬೇರೆ: ಹೃದಯ ಮತ್ತು ಮೂತ್ರಪಿಂಡ ಕಿಲೋಗೆ ಸುಮಾರು 440, ಮೆದುಳು 240, ಯಕೃತ್ತು 200. ದೇಹದ ತೂಕದಲ್ಲಿ ಇವೆಲ್ಲ ಸೇರಿ ನೂರಕ್ಕೆ ಐದಾರು ಪಾಲು. ಆದರೂ ವಿಶ್ರಾಂತಿಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇವುಗಳದ್ದೇ.

ಹಾಗಾದರೆ ಮಸಲ್ ಯಾಕೆ ಬೇಕು? ಮೊದಲಿಗಿಂತ ಜಾಸ್ತಿ ಒತ್ತಿ ಹೇಳುತ್ತೇನೆ, ಬೇಕೇ ಬೇಕು. ಸ್ನಾಯುವಿನ ನಿಜವಾದ ಖರ್ಚು ಅದು ದುಡಿಯುವಾಗ. ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ ಅದು ಹಲವು ಪಟ್ಟು ಏರುತ್ತದೆ. ಊಟದ ನಂತರ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದೂ ಅದೇ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ವೇಟ್ಸ್ ಬೇಕು.

ಮರುದಿನವೇ ಅವರನ್ನು ಕೂರಿಸಿ 13 ಮತ್ತು 4.5 ಬರೆದು ತೋರಿಸಿದೆ, ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜಾಸ್ತಿ ತಿನ್ನುತ್ತಿದ್ದ ಆ 200 ಕ್ಯಾಲೊರಿ ಬಿಟ್ಟರು, ವೇಟ್ಸ್ ಬಿಡಲಿಲ್ಲ.