ನೀರುಕಾಗೆ ರೆಕ್ಕೆ ಒಣಗಿಸುವುದು

ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಇವತ್ತು ವಾಣಿವಿಲಾಸ ಸಾಗರದ ಹಿನ್ನೀರಿಗೆ ಹೋಗಿದ್ದೆವು. ಅಣೆಕಟ್ಟೆ ಹತ್ತಿರ ಅಲ್ಲ, ಅಲ್ಲಿ ಜನ ಜಾಸ್ತಿ. ಹೊಸದುರ್ಗದ ಕಡೆ, ಮಣ್ಣು ರಸ್ತೆ ಮುಗಿದು ಮೊಬೈಲಿನ ಸಿಗ್ನಲ್ಲೂ ಮುಗಿಯುತ್ತಲ್ಲ, ಅಲ್ಲಿಗೆ.

ನೀರಲ್ಲಿ ಅರ್ಧ ಮುಳುಗಿ ಒಣಗಿದ ಒಂದು ಜಾಲಿ ಮರ. ಅದರ ತುದಿಯಲ್ಲಿ ನೀರುಕಾಗೆ, ಎರಡೂ ರೆಕ್ಕೆ ಅಗಲಿಸಿಕೊಂಡು ಸುಮ್ನೆ ಕೂತಿತ್ತು.

"ಅಪ್ಪಾ, ಅದಕ್ಕೇನಾಗಿದೆ?" ಅಂತ ಮಗಳು. ಬಟ್ಟೆ ಒಣಗಿಸ್ತಿದೆ ಅಂದೆ. ನಕ್ಕಳು, ಆದರೆ ಸುಳ್ಳೇನಲ್ಲ. ಬಾತುಕೋಳಿ ಹಾಗಲ್ಲ ಇದು, ಇದರ ಗರಿ ನೀರು ಹೀರಿಕೊಳ್ಳುತ್ತದೆ, ಅದಕ್ಕೇ ಆಳಕ್ಕೆ ಮುಳುಗಿ ಮೀನು ಹಿಡಿಯೋದು ಸುಲಭ, ಆಮೇಲೆ ಹೀಗೆ ಬಿಸಿಲಿಗೆ ಕೂರಬೇಕು ಅಷ್ಟೇ.

ಇಪ್ಪತ್ತು ನಿಮಿಷ ಅದು ಅಲ್ಲಾಡಲಿಲ್ಲ. ನಾವೂ.

ನಾನು ಚಿಕ್ಕವನಿದ್ದಾಗ ಇಲ್ಲೆಲ್ಲ ಬರೀ ಒಡೆದ ಮಣ್ಣು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ, 1933ರಲ್ಲಿ ಕೋಡಿ ಬಿದ್ದಿತ್ತಂತೆ ಅಂತ ಅಜ್ಜ ಹೇಳಿದ್ದನ್ನು ನಾವು ಕಥೆ ಅಂದುಕೊಂಡಿದ್ದೆವು. ಮತ್ತೆ ಕೋಡಿ ಬಿದ್ದಿದ್ದು 2022ಕ್ಕೆ, 89 ವರ್ಷ ಆದಮೇಲೆ! ನೋಡೋಕೆ ಅಜ್ಜ ಇರಲಿಲ್ಲ. ಈ ಜಾಲಿ ಮರಕ್ಕೂ ಇಷ್ಟು ನೀರು ಬರುತ್ತೆ ಅಂತ ಗೊತ್ತಿರಲಿಲ್ಲ ಅನ್ಸುತ್ತೆ, ಪಾಪ.

ಫೋಟೋ ತೆಗೆಯೋಣ ಅಂತ ಎದ್ದೆ. ಹಾರಿಹೋಯಿತು. ತಿರುಗಿ ನೋಡಿದರೆ ಮಿರ್ಚಿ ಪೊಟ್ಟಣ ನಾಯಿ ಬಾಯಲ್ಲಿ.