ಬಾವಿಕಟ್ಟೆಯ ಲೆಕ್ಕ

2024 ಮೇ 19, ಭಾನುವಾರ
ಶಹಾಪುರ, ಬೆಳಗಾವಿ

ಕೈಗೆ ಎಷ್ಟು ಸೋಪು ಹಚ್ಚಿದರೂ ಹೂಳಿನ ವಾಸನೆ ಇನ್ನೂ ಹೋಗಿಲ್ಲ. ಇರಲಿ. ಸಂಜೆ ನಾಲ್ಕಕ್ಕೆ ಬಾವಿಕಟ್ಟೆಯ ಮೇಲೆ ಕೂತು, ನಮ್ಮ ಓಣಿಯವರೆಲ್ಲ ಸೇರಿ ಹಳೆಯ ಬಾವಿಯ ಹೂಳು ತೆಗೆಸಿದ ಲೆಕ್ಕ ಓದಿದೆ. ಜಮಾ 38,450 ರೂಪಾಯಿ. ಖರ್ಚು 36,910. ಉಳಿದಿರಬೇಕಾದದ್ದು 1,540. ಡಬ್ಬಿ ತೆರೆದು ಎಣಿಸಿದರೆ 1,500. ನಲವತ್ತು ರೂಪಾಯಿ ಕಡಿಮೆ. ಮೂವತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಮತ್ತೆ ಕೂಡಿಸಿದೆ. ಮತ್ತೆ ಅಷ್ಟೇ ಬಂತು.

ಆ ನಲವತ್ತು ರೂಪಾಯಿಯ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಇದೆಲ್ಲ ಶುರುವಾದದ್ದು ಹೇಗೆ ಅಂತ ಬರೆದಿಡಬೇಕು. ಇಲ್ಲದಿದ್ದರೆ ನಾನೇ ಮರೆತುಬಿಡುತ್ತೇನೆ.

ಹೋದ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ರಾಕಸಕೊಪ್ಪ ಜಲಾಶಯದ ನೀರು ಇಳಿಯಿತು ಅಂದರೆ ಬೆಳಗಾವಿಯ ಮನೆಮನೆಯಲ್ಲೂ ಅದೇ ಮಾತು. 2008ರಲ್ಲಿ ಊರಿನ 10 ವಾರ್ಡಿಗೆ ದಿನದ 24 ಗಂಟೆ ನೀರು ಬಂತು. ನಮ್ಮ ಓಣಿ ಅದರಲ್ಲಿ ಇಲ್ಲ. ನಮ್ಮಲ್ಲಿ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಈ ಫೆಬ್ರುವರಿಯಲ್ಲಿ ಅದು ಎಂಟು ದಿನಕ್ಕೆ ಹೋಯಿತು. ಟ್ಯಾಂಕರ್ ಬಂದ ಒಂದು ಬೆಳಿಗ್ಗೆ ಸಾಲಿನಲ್ಲಿ ಇಬ್ಬರು ಹೆಂಗಸರಿಗೆ ಜಗಳ ಹತ್ತಿತು. ಕೊಡ ಎತ್ತಿ ಒಬ್ಬರಿಗೊಬ್ಬರು ಹೊಡೆಯುವ ತನಕ ಹೋಯಿತು. ಇಬ್ಬರೂ ನನಗೆ ಬೇಕಾದವರು. ಒಬ್ಬಳ ಮಗಳು ನನ್ನ ತರಗತಿಯಲ್ಲೇ ಓದುತ್ತಾಳೆ. ಆ ರಾತ್ರಿ ನಿದ್ದೆ ಬರಲಿಲ್ಲ. ನೀರಿಗಾಗಿ ಪಕ್ಕದ ಮನೆಯವರ ಜೊತೆ ಮಾತು ಬಿಡುವ ಹಾಗೆ ಆಗಬಾರದು, ಅಲ್ವಾ?

ಮರುದಿನ ಶಾಲೆ ಮುಗಿಸಿ ಬಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ನಮ್ಮ ಓಣಿಯಲ್ಲಿ 64 ಮನೆ. ದಿನಕ್ಕೆ ನಾಲ್ಕೈದು ಮನೆ ಅಂತ ಹೋದೆ. ಮೂರೇ ಪ್ರಶ್ನೆ. ಮನೆಯಲ್ಲಿ ಎಷ್ಟು ಜನ? ನೀರು ಎಲ್ಲಿ ತುಂಬಿಡುತ್ತೀರಿ? ಈ ಓಣಿಯಲ್ಲಿ ನಿಮಗೆ ಜಾಸ್ತಿ ತ್ರಾಸು ಕೊಡುವುದು ಯಾವುದು?

ಮೂರನೆಯ ಪ್ರಶ್ನೆಗೆ ಎಲ್ಲರೂ ನೀರು ಅನ್ನುತ್ತಾರೆ ಅಂದುಕೊಂಡಿದ್ದೆ. ಹಾಗೆ ಹೇಳಿದವರು ಅರ್ಧಕ್ಕಿಂತ ಕಡಿಮೆ. ಮಗ್ಗದ ಮನೆಯ ಅಜ್ಜ ಹೇಳಿದರು, "ಸಂಜೀಕ ಕೂಡಾಕ ಒಂದು ಜಾಗ ಇಲ್ಲ ಟೀಚರ್. ಒಳಗ ಮಗ್ಗದ ಸದ್ದು, ಹೊರಗ ಗಾಡಿ ಸದ್ದು." ಕಾಲೇಜಿಗೆ ಹೋಗುವ ಹುಡುಗಿ ತಿರುವಿನಲ್ಲಿ ದೀಪ ಇಲ್ಲ ಅಂದಳು. ಮೂಲೆಮನೆಯ ಭಾಭಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆ ಬಾವಿ. ಕೂಸು ಆ ಕಡೆ ಹೋದ್ರ ಜೀವ ಕೈಯಾಗ ಹಿಡಕೊಂಡಿರ್ತೀನಿ." ಇದೇ ಮಾತನ್ನು ಹನ್ನೊಂದು ಮನೆಯ ಹೆಂಗಸರು ಬೇರೆ ಬೇರೆ ಥರ ಹೇಳಿದರು. ಜಾಳಿಗೆ ಮುರಿದಿದೆ. ಕಸ ಸುರಿಯುತ್ತಾರೆ. ಸೊಳ್ಳೆ. ನಾತ.

ಆ ಬಾವಿ ಸಾಂಗಲಿ ಸಂಸ್ಥಾನದ ಕಾಲದ್ದು ಅಂತ ಹಿರಿಯರು ಹೇಳುತ್ತಾರೆ. ಶಹಾಪುರ ಆಗ ಸಾಂಗಲಿಗೆ ಸೇರಿತ್ತು. ನಳ ಬಂದ ಮೇಲೆ ಬಾವಿಯನ್ನು ಯಾರೂ ಕೇಳಲಿಲ್ಲ. ನಾನು ಈ ಓಣಿಗೆ ಸೊಸೆಯಾಗಿ ಬಂದು ಹದಿನೇಳು ವರ್ಷ ಆಯಿತು. ಅದನ್ನು ಬಾವಿ ಅಂತ ನೋಡಿದ್ದೇ ಇಲ್ಲ. ಒಬ್ಬೊಬ್ಬರ ಮಾತನ್ನೂ ಒಂದರ ಕೆಳಗೆ ಒಂದು ಬರೆದಾಗಲೇ ಗೊತ್ತಾಯಿತು. ಕೂರುವ ಕಟ್ಟೆ, ದೀಪ, ಕಸ, ಕೂಸಿನ ಭಯ, ನೀರು, ಎಲ್ಲವೂ ಆ ಒಂದೇ ಜಾಗದಲ್ಲಿ ಸೇರುತ್ತಿದ್ದವು.

ಮೊದಲ ಸಭೆಯಲ್ಲಿ ಎಡವಿದೆವು. ಸಂಜೆ ಏಳಕ್ಕೆ ಗುಡಿಯ ಹಾಲ್‌ನಲ್ಲಿ ಕರೆದಿದ್ದೆವು. ಬಂದವರು ಒಂಬತ್ತು ಜನ ಗಂಡಸರು, ನಾನೊಬ್ಬಳು. ಏಳು ಗಂಟೆ ಅಂದರೆ ರೊಟ್ಟಿ ಬಡಿಯುವ ಹೊತ್ತು. ಗುಡಿಯ ಹಾಲ್ ಅಂದರೆ ಕೆಲವು ಮನೆಯವರು ಬರಲು ಹಿಂದೆಮುಂದೆ ನೋಡುತ್ತಾರೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಮುಂದಿನ ಸಭೆಯನ್ನು ಭಾನುವಾರ ಸಂಜೆ ನಾಲ್ಕಕ್ಕೆ, ಬಾವಿಯ ಪಕ್ಕದಲ್ಲೇ ಇಟ್ಟೆವು. ಚಾಪೆ ಹಾಸಿದೆವು. ನಲವತ್ತಕ್ಕೂ ಹೆಚ್ಚು ಜನ ಬಂದರು. ಕನ್ನಡ, ಮರಾಠಿ, ಉರ್ದು, ಯಾರಿಗೆ ಯಾವುದು ಬರುತ್ತದೋ ಅದರಲ್ಲಿ ಮಾತಾಡಿದರು. ಎಲ್ಲರಿಗೂ ಎಲ್ಲವೂ ತಿಳಿಯಿತು.

ಅವತ್ತು ಕಲಿತದ್ದನ್ನು ಇಲ್ಲಿ ಬಿಡಿಸಿ ಬರೆಯಬೇಕು. ಹೊಸದಾಗಿ ಸಂಘ ಕಟ್ಟಬೇಕು, ಅಧ್ಯಕ್ಷ, ಕಾರ್ಯದರ್ಶಿ ಬೇಕು ಅಂತ ಕೆಲವರು ಹೇಳಿದರು. ಆದರೆ ನಮ್ಮ ಓಣಿಗೆ ಒಟ್ಟಾಗುವುದು ಹೊಸದೇನೂ ಅಲ್ಲ. ಬೆಳಗಾವಿಯಲ್ಲಿ ಸಾರ್ವಜನಿಕ ಗಣೇಶೋತ್ಸವ ಶುರುವಾದದ್ದು 1905ರಲ್ಲಿ, ಝೆಂಡಾ ಚೌಕದಲ್ಲಿ. ಅವತ್ತಿನಿಂದ ಇಲ್ಲಿಯ ಗಲ್ಲಿಗಲ್ಲಿಗೂ ಮಂಡಳಗಳಿವೆ. ನಮ್ಮ ಹುಡುಗರು ಪ್ರತಿ ವರ್ಷ ಮನೆಮನೆಗೆ ಹೋಗಿ ವರ್ಗಣಿ ಎತ್ತುತ್ತಾರೆ, ಚಪ್ಪರ ಹಾಕುತ್ತಾರೆ, ಹತ್ತು ದಿನ ರಾತ್ರಿ ಪಾಳಿ ಹಚ್ಚಿ ಕಾಯುತ್ತಾರೆ. ಇನ್ನೊಂದು ಕಡೆ ನಮ್ಮ ಹೆಂಗಸರ ಭಿಶಿ, ಅಂದರೆ ಚೀಟಿ ಇದೆ. ಇಪ್ಪತ್ತು ಜನ, ತಿಂಗಳಿಗೆ ಐನೂರು ರೂಪಾಯಿ. ಒಂಬತ್ತು ವರ್ಷದಲ್ಲಿ ಒಂದು ಪೈಸೆ ಆಚೀಚೆ ಆಗಿಲ್ಲ. ಮಂಡಳದ ಹುಡುಗರಿಗೆ ದುಡಿಯಲು ಗೊತ್ತು. ಭಿಶಿಯ ಹೆಂಗಸರಿಗೆ ದುಡ್ಡು ಕಾಯಲು ಗೊತ್ತು. ಇವೆರಡೂ ಒಂದೇ ಚಾಪೆಯ ಮೇಲೆ ಕೂತದ್ದು ಅದೇ ಮೊದಲು. ಹುಡುಗರು ವರ್ಗಣಿ ಎತ್ತಬೇಕು, ಡಬ್ಬಿ ಭಿಶಿಯವರ ಹತ್ತಿರ ಇರಬೇಕು, ಪ್ರತಿ ಭಾನುವಾರ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು ಅಂತ ಠರಾವು ಆಯಿತು. ಓದುವ ಕೆಲಸ ನನಗೆ ಬಂತು.

ಹಿರಿಯರೊಬ್ಬರು ಕಾಂಗ್ರೆಸ್ ಬಾವಿಯ ಮಾತು ತೆಗೆದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿ ಕಾಂಗ್ರೆಸ್ ಅಧಿವೇಶನ ನಡೆಸಿದ್ದು ಇದೇ ಊರಿನಲ್ಲಿ. ಬಂದ ಜನರಿಗೆ ನೀರು ಬೇಕು ಅಂತ ಟಿಳಕವಾಡಿಯಲ್ಲಿ ಬಾವಿ ತೋಡಿಸಿ ಪಂಪಾ ಸರೋವರ ಅಂತ ಹೆಸರಿಟ್ಟರು. ಬರುವ ಡಿಸೆಂಬರಿಗೆ ಅದಕ್ಕೆ ನೂರು ವರ್ಷ. 1990ರ ದಶಕದಲ್ಲಿ ಊರಿಗೆ ನೀರಿನ ಬರ ಬಂದಾಗ ಅದನ್ನೂ ಇನ್ನೂ ಕೆಲವು ಹಳೆಯ ಬಾವಿಗಳನ್ನೂ ಹೂಳು ತೆಗೆದು ಮತ್ತೆ ಬಳಕೆಗೆ ತಂದಿದ್ದರು. ಆ ಅಜ್ಜ ಆಗ ಬುಟ್ಟಿ ಹೊತ್ತವರಂತೆ. "ಆಗ ಆಗಿತ್ತು, ಈಗ ಯಾಕ ಆಗೂದಿಲ್ಲ?" ಅಂದರು.

ಏಪ್ರಿಲ್‌ನಲ್ಲಿ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆವು. ಚುನಾವಣೆಯ ನೀತಿ ಸಂಹಿತೆ ಇದೆ, ಜೂನ್ ಆದ ಮೇಲೆ ಬನ್ನಿ ಅಂದರು. ಬೆಳಗಾವಿಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಜೂನ್ ಅಂದರೆ ನಮ್ಮಲ್ಲಿ ಮಳೆ. ಮಳೆ ಬಿದ್ದ ಮೇಲೆ ಹೂಳು ತೆಗೆಯಲು ಆಗುವುದಿಲ್ಲ. ನಾವೇ ಸ್ವಚ್ಛ ಮಾಡುತ್ತೇವೆ ಅಂತ ಇನ್ನೊಂದು ಕಾಗದ ಬರೆದು, ಅದರ ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆವು. ಮುದ್ರೆ ಇಲ್ಲದೆ ಬಾವಿಗೆ ಕೈ ಹಚ್ಚುವುದು ಬೇಡ ಅಂತ ಪಟ್ಟು ಹಿಡಿದವರು ಭಿಶಿಯವರು.

ಬಾವಿಗೆ ಇಳಿಯುವ ವಿಷಯದಲ್ಲಿ ನಾನು ತುಂಬಾ ಹೆದರಿದ್ದೆ. ಹುಡುಗರು ತಾವೇ ಇಳಿಯುತ್ತೇವೆ ಅಂತ ಕುಣಿಯುತ್ತಿದ್ದರು. ಬಳಸದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಉಸಿರಾಡುವ ಗಾಳಿಯೇ ಇರುವುದಿಲ್ಲ. ಒಬ್ಬ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. ಪೇಪರಿನಲ್ಲಿ ಇಂಥ ಸುದ್ದಿ ಎಷ್ಟು ಓದಿಲ್ಲ ನಾವು? ಕೊನೆಗೆ ಬಾವಿ ಕೆಲಸವನ್ನೇ ಮಾಡುವ ನಾಲ್ಕು ಜನರನ್ನು ಕರೆಸಿದೆವು. ಖರ್ಚಿನ ಅರ್ಧ ಅವರ ಕೂಲಿ. ಅದರಲ್ಲಿ ಒಂದು ರೂಪಾಯಿಯೂ ಕಡಿಮೆ ಮಾಡಲಿಲ್ಲ. ಅವರು ಮೊದಲು ಎಲೆ ತುಂಬಿದ ದೊಡ್ಡ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಆಮೇಲೆ ಕಂದೀಲು ಇಳಿಬಿಟ್ಟರು. ಮೊದಲ ದಿನ ಅದು ಅರ್ಧ ದಾರಿಯಲ್ಲೇ ಆರಿತು. ಅವತ್ತು ಯಾರೂ ಇಳಿಯಲಿಲ್ಲ. ಮರುದಿನ ಆರಲಿಲ್ಲ. ಆದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿದರು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಬಾರದು, ಅದರ ಹೊಗೆಯೇ ಜೀವ ತೆಗೆಯುತ್ತದೆ ಅಂತ ಹೇಳಿ ಪಂಪನ್ನು ದೂರ ಇಡಿಸಿದರು. ಹುಡುಗರು ಎರಡು ಶನಿವಾರ, ಎರಡು ಭಾನುವಾರ ಮೇಲೆ ನಿಂತು ಬುಟ್ಟಿ ಎಳೆದರು.

ಹನ್ನೊಂದು ಟ್ರಾಲಿ ಹೂಳು ಬಂತು. ಅದರಲ್ಲಿ ಏನೇನಿತ್ತು! ಪ್ಲಾಸ್ಟಿಕ್ ಚೀಲ, ಚಪ್ಪಲಿ, ಟಿ.ವಿ.ಯ ಡಬ್ಬಿ, ಮಗ್ಗದ ಲಾಳಿ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಸಣ್ಣ ಗಣಪತಿಗಳು, ಸೊಂಡಿಲು ಮುರಿದವು, ಬಣ್ಣ ಹೋದವು, ಆದರೂ ಕರಗದವು. ಹುಡುಗರ ಮಾತು ನಿಂತಿತು. ಅವನ್ನು ಒಂದೊಂದಾಗಿ ತೊಳೆದು ಒಂದು ಕಡೆ ಸಾಲಾಗಿ ಇಟ್ಟರು. ಈ ಸಲ ಓಣಿಯಲ್ಲಿ ಮಣ್ಣಿನ ಮೂರ್ತಿ ಮಾತ್ರ ಅಂತ ಅವರೇ ಹೇಳಿದರು. ನಾನು ಒಂದು ಮಾತೂ ಹೇಳಿರಲಿಲ್ಲ.

ಕೊನೆಯ ದಿನ ಒಂದು ತಾಮ್ರದ ಕೊಡ ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಂಠದ ಕೆಳಗೆ ಹೆಸರು ಕೆತ್ತಿದ್ದು ಕಂಡಿತು. ನಮ್ಮ ಎದುರುಮನೆಯ ಮೌಶಿಯ ಅತ್ತೆಯ ಹೆಸರು. ಆ ಕೊಡ ಬಾವಿಗೆ ಬಿದ್ದ ದಿನ ಅತ್ತೆ ಊಟ ಮಾಡಿರಲಿಲ್ಲ ಅಂತ ಮೌಶಿ ಹೇಳಿದರು. ಅತ್ತೆ ತೀರಿಹೋಗಿ ಇಪ್ಪತ್ತು ವರ್ಷ ಆಗಿದೆ. ಮೌಶಿ ಕೊಡವನ್ನು ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು.

ನಡುವೆ ಒಂದು ದೊಡ್ಡ ವಾದ ಆಯಿತು. 64 ಮನೆಯಲ್ಲಿ ಒಂಬತ್ತು ಮನೆ ವರ್ಗಣಿ ಕೊಟ್ಟಿರಲಿಲ್ಲ. ಅವರಿಗೆ ನೀರು ಕೊಡಬಾರದು ಅಂತ ಕೆಲವರು. ಪಟ್ಟಿಯನ್ನು ಗೋಡೆಗೆ ಹಚ್ಚೋಣ ಅಂತ ಇನ್ನೂ ಕೆಲವರು. ಆ ಒಂಬತ್ತು ಮನೆಯೂ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಒಂದು ಮನೆಯಲ್ಲಿ ಡಯಾಲಿಸಿಸ್ ನಡೆದಿದೆ. ಎರಡು ಮನೆಯಲ್ಲಿ ಮಗ್ಗ ನಿಂತು ತಿಂಗಳುಗಳಾಗಿವೆ. ಇವನ್ನು ಸಭೆಯಲ್ಲಿ ಹೇಳುವ ಹಕ್ಕು ನನಗಿಲ್ಲ. ಸಂಕಟವಾಗುತ್ತಿತ್ತು. ಆಗ ಮಂಡಳದ ಹುಡುಗನೊಬ್ಬ ಎದ್ದು ಹೇಳಿದ, "ಗಣಪತಿಗೆ ವರ್ಗಣಿ ಕೊಡದವ್ರ ಮನೀಗೂ ಪ್ರಸಾದ ಕೊಟ್ಟೇ ಬರ್ತೀವಲ್ರಿ." ಮತ್ತೆ ಆ ವಿಷಯ ಯಾರೂ ಎತ್ತಲಿಲ್ಲ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಹಣದ ಪಕ್ಕಕ್ಕೆ ಇನ್ನೊಂದು ಸಾಲು ಎಳೆದೆ. ಹಗ್ಗ ಕೊಟ್ಟವರು, ಚಹಾ ಮಾಡಿದವರು, ಅರ್ಧ ದಿನ ದುಡಿದವರು, ಎಲ್ಲರ ಹೆಸರೂ ಅದರಲ್ಲಿ ಬಂತು. ಒಂಬತ್ತು ಮನೆಯ ಪೈಕಿ ಏಳು ಮನೆ ಆ ಸಾಲಿನಲ್ಲಿವೆ.

ನೀರು ಮೆಲ್ಲಗೆ ಏರಿತು. ಒಂದು ವಾರಕ್ಕೆ ಹತ್ತು ಅಡಿ. ಕುಡಿಯಬಹುದೇ ಅಂತ ಎಲ್ಲರಿಗೂ ಆಸೆ. ಆಶಾ ಕಾರ್ಯಕರ್ತೆ ಪರೀಕ್ಷೆಯ ಸಣ್ಣ ಬಾಟಲಿ ತಂದುಕೊಟ್ಟರು. ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಡಬೇಕು. ಕಪ್ಪಾದರೆ ಹೊಲಸು ಸೇರಿದೆ ಅಂತ ಅರ್ಥ. ಮರುದಿನ ಬೆಳಿಗ್ಗೆಯೇ ಕಪ್ಪಾಗಿತ್ತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ನೋಡಿದರೆ ಬಾವಿಯಿಂದ ಹದಿನೈದು ಹೆಜ್ಜೆ ದೂರದ ಗಟಾರು ಒಡೆದಿದೆ. ಮೇಲೆ ಎಷ್ಟು ಸ್ವಚ್ಛ ಮಾಡಿದರೇನು, ಅದು ನಿಲ್ಲುವ ತನಕ ಈ ನೀರು ಬಾಯಿಗೆ ಹಾಕುವಂತಿಲ್ಲ. ಬಟ್ಟೆ, ಪಾತ್ರೆ, ನೆಲ, ಸಂಡಾಸಿಗೆ ಮಾತ್ರ ಅಂತ ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆದು ಹಾಕಿದೆವು. ಅಷ್ಟಾದರೂ ಸಣ್ಣದಲ್ಲ. ನಳದ ನೀರು ಪೂರ್ತಿ ಅಡಿಗೆಗೆ ಮತ್ತು ಕುಡಿಯಲು ಉಳಿಯುತ್ತದೆ.

ಗುರುವಾರ ಓಣಿಯ ಮಕ್ಕಳನ್ನು ಸೇರಿಸಿ ಬ್ಲೀಚಿಂಗ್ ಪೌಡರಿನ ಲೆಕ್ಕ ಮಾಡಿಸಿದೆ. ರಜೆಯಲ್ಲೂ ಓಡಿ ಬಂದವು. ಬಾವಿಯ ಬಾಯಿಗೆ ಅಡ್ಡಲಾಗಿ ಮಗ್ಗದ ನೂಲು ಹಿಡಿದು ಅಳೆದವು, 4 ಮೀಟರ್. ನೂಲಿಗೆ ಕಲ್ಲು ಕಟ್ಟಿ ಇಳಿಬಿಟ್ಟು ತೋಯ್ದ ಭಾಗ ಅಳೆದವು, 3 ಮೀಟರ್. 3.14 ಗುಣಿಸು 4, ಗುಣಿಸು 4, ಗುಣಿಸು 3, ಭಾಗಿಸು 4. ಬಂದದ್ದು 37.68 ಘನ ಮೀಟರ್. ಅಂದರೆ 37,680 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್. "ಟೀಚರ್, ನೂರು ಗ್ರಾಮೂ ಬೇಡ!" ಅಂತ ಒಬ್ಬಳು ಕೂಗಿದಳು. ಟ್ಯಾಂಕರ್ ಜಗಳದ ಮನೆಯ ಹುಡುಗಿ ಅವಳೇ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಬಿಟ್ಟು ಒಂದು ಗಂಟೆ ಯಾರೂ ನೀರು ಸೇದದ ಹಾಗೆ ಮಕ್ಕಳೇ ಕಾವಲು ನಿಂತರು.

ಈಗ ಆ ನಲವತ್ತು ರೂಪಾಯಿ. ನಾನು ಮೂರನೇ ಸಲ ಕೂಡಿಸುತ್ತಿದ್ದಾಗ ಹಿಂದಿನಿಂದ ಆ ಹುಡುಗಿಯ ತಾಯಿ ಹೇಳಿದಳು, "ಟೀಚರ್, ಗುರುವಾರ ಪೌಡರ್ ತರಿಸಿದ್ರಲ್ಲ, ಅದನ್ನ ಬರ್ದೀರೇನು?" ಬರೆದಿರಲಿಲ್ಲ. ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಸರಿಯಾಗಿ ನಲವತ್ತು. ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು. ಅವಳ ಪಕ್ಕದಲ್ಲೇ ಕೂತಿದ್ದವಳು ಯಾರು ಅಂದರೆ ಫೆಬ್ರುವರಿಯಲ್ಲಿ ಅವಳ ಮೇಲೆ ಕೊಡ ಎತ್ತಿದವಳು. ಮುಂದಿನ ತಿಂಗಳಿಂದ ಲೆಕ್ಕ ಒಬ್ಬರೇ ಬರೆಯುವುದು ಬೇಡ, ಅವರಿಬ್ಬರೂ ನನ್ನ ಜೊತೆ ಬರೆಯಲಿ ಅಂತ ಕೇಳಿದೆ. ಒಪ್ಪಿಕೊಂಡರು.

ಆಮೇಲೆ ಗಟಾರಿನ ಮಾತು ಬಂತು. ಅದು ನಮ್ಮ ವರ್ಗಣಿಯಿಂದ ಆಗುವ ಕೆಲಸ ಅಲ್ಲ. ತೆರಿಗೆ ಕಟ್ಟುತ್ತೇವೆ, ಕೇಳುವುದು ನಮ್ಮ ಹಕ್ಕು. ಪಾಲಿಕೆ ಕಾಯಿದೆಯಲ್ಲಿ ವಾರ್ಡ್ ಸಮಿತಿ ಅಂತ ಇದೆ. ಹತ್ತು ಜನ ಸದಸ್ಯರು, ಅದರಲ್ಲಿ ಕಡಿಮೆ ಅಂದರೂ ಮೂವರು ಹೆಂಗಸರು, ನಿವಾಸಿಗಳ ಸಂಘದವರು ಇಬ್ಬರು. ಬೆಳಗಾವಿಯ 58 ವಾರ್ಡಿಗೂ ಇದೇ ಕಾಯಿದೆ. ಆ ಇಬ್ಬರಲ್ಲಿ ಒಬ್ಬರು ನಮ್ಮ ಓಣಿಯಿಂದ ಯಾಕೆ ಇರಬಾರದು? ಸಂಘ ನೋಂದಣಿಗೆ ಏಳು ಜನರ ಸಹಿ ಸಾಕು. ಇವತ್ತು ಹತ್ತೊಂಬತ್ತು ಜನ ಸಹಿ ಹಾಕಿದರು. ಜೂನ್ 4 ಆದ ಮೇಲೆ ಮೊದಲ ಸೋಮವಾರ ಐದು ಜನ ಹೋಗುವುದು, ಒಡೆದ ಗಟಾರಿನ ಫೋಟೋ ಮತ್ತು ಕಪ್ಪಾದ ಬಾಟಲಿ ಎರಡನ್ನೂ ಒಯ್ಯುವುದು ಅಂತ ಆಯಿತು.

ಮಂಗಳವಾರ ವೆಲ್ಡಿಂಗ್‌ನವನು ಬಾವಿಯ ಜಾಳಿಗೆ ಅಳತೆಗೆ ಬರುತ್ತಾನೆ. ಅಲ್ಲಿಯವರೆಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿದ್ದೇವೆ. ಇವತ್ತು ರಾತ್ರಿಯ ಕಾವಲು ಮೂಲೆಮನೆಯ ಭಾಭಿಯ ದೊಡ್ಡ ಮಗನದ್ದು. ಈಗ ಹತ್ತೂವರೆ. ಕಿಟಕಿಯಿಂದ ನೋಡಿದೆ, ಮಗ್ಗದ ಮನೆಯ ಅಜ್ಜನೂ ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ.